ಹೋಂಸ್ಟೇ ಲೋಗೋ ಮಾಡಿ ಸಾಕಾಗಿದ್ದರೆ

ಡಿಸೈನ್ ಕೆಲಸವೇ ಬೇಸರವಾಗಿದೆ, ಏನು ಮಾಡಲಿ ಅಂತ ಕೇಳಿದ್ದೀರಿ. ನಿಮ್ಮ ಬೇಸರ ಡಿಸೈನ್ ಮೇಲಲ್ಲ, ಒಬ್ಬರೇ ಕೂತು ಮಾಡುವುದರ ಮೇಲೆ ಅನ್ಸುತ್ತೆ. ಮಡಿಕೇರಿಯಲ್ಲಿ ಆರು ವರ್ಷದಿಂದ ಹೋಂಸ್ಟೇ ಲೋಗೋ, ಮದುವೆ ಕಾರ್ಡ್. ಅದನ್ನು ಕೈಯಲ್ಲಿ ಹಿಡಿಯುವವರ ಮುಖವನ್ನೇ ನೋಡಿಲ್ಲ ಅಂತ ನೀವೇ ಬರೆದಿದ್ದೀರಿ, ಅಲ್ವಾ?

ದೊಡ್ಡ ಸಂಸ್ಥೆ ಹುಡುಕಬೇಡಿ. ಮೊದಲು ನಿಮ್ಮ ಪಂಚಾಯ್ತಿಗೆ ಹೋಗಿ, ಸಂಜೀವಿನಿ ಒಕ್ಕೂಟದಲ್ಲಿ (ಊರಿನ ಮಹಿಳಾ ಸ್ವಸಹಾಯ ಸಂಘಗಳ ಕೂಟ) ಜೇನು, ಕಾಳುಮೆಣಸು, ಕಾಚಂಪುಳಿ (ಕೊಡಗಿನ ಅಡುಗೆ ಹುಳಿ) ಮಾರುವ ಸಂಘ ಇದೆಯಾ ಕೇಳಿ. ಇದ್ದರೆ ಅವರ ಲೇಬಲ್ ನೀವು ಮಾಡಿಕೊಡಿ.

ಲ್ಯಾಪ್‌ಟಾಪ್ ಬಿಟ್ಟು ಹೋಗಿ. ಒಂದು ದಿನ ಅವರ ಜತೆ ಕೂತು ಪ್ಯಾಕಿಂಗ್ ಮಾಡಿ. ಇಂಥದ್ದೇ ಸಂಘಕ್ಕೆ ನಾನು ಮಾಡಿದ ಚೆಂದದ ಲೇಬಲ್ ನುಣುಪು ಕಾಗದದ್ದು. ಪ್ಯಾಕ್ ಮಾಡಿದ ದಿನ ಬರೆಯಲು ಹೋದರೆ ಪೆನ್ನೇ ಹಿಡಿಯುತ್ತಿರಲಿಲ್ಲ. ಮಳೆಗಾಲದ ತೇವಕ್ಕೆ ಅಂಚು ಬೇರೆ ಏಳುತ್ತಿತ್ತು. ಸ್ಕ್ರೀನ್ ಮೇಲೆ ಇದೆಲ್ಲ ಎಲ್ಲಿ ಗೊತ್ತಾಗುತ್ತೆ!

ಆಮೇಲೆ ಕರಡನ್ನು ಕಪ್ಪುಬಿಳುಪಿನಲ್ಲಿ ಪ್ರಿಂಟ್ ತೆಗೆದು ಅವರ ಮುಂದಿಡಿ, ಪೆನ್ನು ಅವರ ಕೈಗೇ ಕೊಡಿ. ತೂಕ, ಬೆಲೆ, ಬ್ಯಾಚ್ ನಂಬರ್, 14 ಅಂಕಿಯ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನಂಬರ್‌ಗೆ ಮೊದಲೇ ಜಾಗ ಬಿಡಿ. ಅಕ್ಷರಕ್ಕೆ ನೋಟೋ ಸಾನ್ಸ್ ಕನ್ನಡ ಅಥವಾ ಬಾಲೂ ತಮ್ಮ ಫಾಂಟ್ ಸಾಕು. ಎರಡೂ ಉಚಿತ, ಯೂನಿಕೋಡ್.

ದುಡ್ಡಿನ ಮಾತು ಮೊದಲ ದಿನವೇ ಆಡಿ. ಕಡಿಮೆ ತಗೊಳ್ಳಿ, ಆದರೆ ಪುಕ್ಕಟೆ ಬೇಡ. ಪುಕ್ಕಟೆ ಮಾಡಿಕೊಟ್ಟರೆ, ಕೆಲಸ ಸರಿಯಿಲ್ಲ ಅಂತ ಹೇಳಲು ಅವರಿಗೆ ಸಂಕೋಚ.

ಇದರಿಂದ ನಿಮ್ಮ ಬೇಸರ ಪೂರ್ತಿ ಹೋಗುತ್ತದಾ, ಹೇಳಲಾರೆ. ಹೋಂಸ್ಟೇ ಕೆಲಸ ನಾನೂ ಬಿಟ್ಟಿಲ್ಲ, ಬಾಡಿಗೆ ಅದರಿಂದಲೇ. ಕಾಫಿ ಕೊಯ್ಲಿನ ದಿನ ಬಿಟ್ಟು ಹೋಗಿ, ಆಗ ಯಾರೂ ಕೈಗೆ ಸಿಗುವುದಿಲ್ಲ.