ಖಳನ ಕವಚಕ್ಕೆ ಅಚ್ಚುಕಟ್ಟಾದ ಗೆರೆ

ಪ್ರಶ್ನೆ: ಅನಿಮೆ (ಜಪಾನಿ ಕಾರ್ಟೂನ್) ಶೈಲಿಯಲ್ಲಿ ಕವಚ ತೊಟ್ಟ ವಿಲನ್ ಬಿಡಿಸುತ್ತೇನೆ ಸರ್. ಪೆನ್ಸಿಲ್‌ನಲ್ಲಿ ಚೆನ್ನಾಗಿರುತ್ತದೆ, ಇಂಕ್ ಹಾಕಿದ ಕೂಡಲೇ ಗಲೀಜು. ಕವಚವೂ ಮೈಗೆ ಅಂಟಿಸಿದ ಹಾಗೆ ಕಾಣುತ್ತದೆ. ಏನು ಮಾಡಲಿ?
– ಓದುಗ, ವಿಜಯಪುರ

ಉತ್ತರ: ಮೊದಲು ಕವಚದ ಮಾತು. ಮೈಯನ್ನು ತೆಳುವಾಗಿ ಪೂರ್ತಿ ಬಿಡಿಸಿ, ಆಮೇಲೆ ಒಂದೊಂದು ತುಂಡನ್ನೂ ಸ್ವಲ್ಪ ಅಂತರ ಬಿಟ್ಟು ಅದರ ಮೇಲೆ ತೊಡಿಸುತ್ತಾ ಬನ್ನಿ, ಎದೆಯ ನಡುಗೆರೆ ಮೈ ತಿರುಗಿದ ಕಡೆಗೇ ಬಾಗಬೇಕು. ಅಂಚಿನ ಒಳಗೆ ಇನ್ನೊಂದು ಗೆರೆ ಎಳೆದರೆ ದಪ್ಪ ಕಾಣುತ್ತದೆ, ಲೋಹ ಅನ್ನಿಸುವುದೇ ಅಲ್ಲಿ. ಮೊಣಕೈ, ಮೊಣಕಾಲು ಮಡಚುವಲ್ಲಿ ಜಾಗ ಬಿಡಿ.

ಪೆನ್ಸಿಲ್ ಚಿತ್ರದ ಮೇಲೇ ಇಂಕ್ ಬೇಡ. ಟ್ರೇಸಿಂಗ್ ಪೇಪರ್ ಇಟ್ಟುಕೊಳ್ಳಿ, ಇಲ್ಲವೇ ಹಗಲಲ್ಲಿ ಕಿಟಕಿ ಗಾಜಿಗೆ ಪೆನ್ಸಿಲ್ ಚಿತ್ರ, ಅದರ ಮೇಲೆ ಹೊಸ ಹಾಳೆ ಅಂಟಿಸಿ. ಹೊರಗೆರೆಗೆ 0.8 ಮಿ.ಮೀ. ಮೊನೆಯ ಪೆನ್, ಒಳಗಿನ ತುಂಡುಗಳಿಗೆ 0.3, ಗೀರು, ಮೊಳೆಗಳಿಗೆ 0.1 ಸಾಕು. ಚಿಕ್ಕ ಚಿಕ್ಕ ಗೆರೆ ಜೋಡಿಸುವುದರಿಂದಲೇ ಜಾಸ್ತಿ ಗಲೀಜಾಗುವುದು. ಉದ್ದ ಗೆರೆಯನ್ನು ಬೆರಳಿನಿಂದಲ್ಲ, ಭುಜದಿಂದ ಎಳೆಯಿರಿ, ಕೈಗೆ ಒಗ್ಗದಿದ್ದರೆ ಹಾಳೆಯನ್ನೇ ತಿರುಗಿಸಿ. ಪೆನ್ ಮುಟ್ಟಿಸುವ ಮೊದಲು ಗಾಳಿಯಲ್ಲೇ ಒಂದೆರಡು ಸಲ ಕೈ ಆಡಿಸಿ ನೋಡಿ.

ಇನ್ನು, ಶಿರಸ್ತ್ರಾಣಕ್ಕೆ ಬರೀ ಜಪಾನಿನ ಮಾದರಿಯೇ ಯಾಕೆ? ನಿಮ್ಮೂರಲ್ಲೇ ಮಲಿಕ್-ಎ-ಮೈದಾನ್ ತೋಪು ಇದೆ ಅಲ್ವಾ, 1549ರಲ್ಲಿ ಎರಕ ಹೊಯ್ದದ್ದು. ಅದರ ತುದಿಗೆ ಬಾಯಿ ತೆರೆದ ಸಿಂಹದ ಮುಖ, ಹಲ್ಲುಗಳ ನಡುವೆ ಆನೆ. ಇಷ್ಟು ಭಯಂಕರ ಮುಖ ಖಳನಿಗೆ ಬೇರೆಲ್ಲಿ ಸಿಗುತ್ತದೆ? ಸ್ಕೆಚ್ ಬುಕ್ ಹಿಡಿದು ಹೋಗಿ, ಪಕ್ಕದಿಂದಲೂ ಎದುರಿನಿಂದಲೂ ಬಿಡಿಸಿಕೊಂಡು ಬನ್ನಿ.