ಕ್ಯಾಡ್ ಕಲಿಯಲು ಕುಳಿತ ಹೊಸಬರಿಗೆ ಮೆನುವನ್ನು ಹೇಗೆ ಜೋಡಿಸಬೇಕು?

ನಿಮ್ಮ ಪ್ರಶ್ನೆಯನ್ನು ನಾನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ: ಐಟಿಐ ಮತ್ತು ಡಿಪ್ಲೊಮಾ ವಿದ್ಯಾರ್ಥಿಗಳಿಗಾಗಿ ನೀವು ಎರಡು ಆಯಾಮದ ಸಣ್ಣ ಕ್ಯಾಡ್ (ಕಂಪ್ಯೂಟರಿನಲ್ಲಿ ತಾಂತ್ರಿಕ ನಕ್ಷೆ ಬರೆಯುವ) ತಂತ್ರಾಂಶವೊಂದನ್ನು ಬರೆಯುತ್ತಿದ್ದೀರಿ, ಸುಮಾರು 80 ಕಮಾಂಡ್‌ಗಳು ಸಿದ್ಧವಾಗಿವೆ, ಅವುಗಳಲ್ಲಿ ಎಷ್ಟನ್ನು ಮರೆಮಾಡಬೇಕು, ಮೆನುವಿನಲ್ಲಿ ಯಾವ ಕ್ರಮದಲ್ಲಿ ಜೋಡಿಸಬೇಕು, ಹೆಸರುಗಳು ಕನ್ನಡದಲ್ಲಿರಬೇಕೇ ಎಂದು ಕೇಳಿದ್ದೀರಿ. ನಾನು 1990ರ ದಶಕದಲ್ಲಿ ಪೀಣ್ಯದ ಒಂದು ಟೂಲ್‌ರೂಮಿನಲ್ಲಿ ಡ್ರಾಯಿಂಗ್ ಬೋರ್ಡಿನಿಂದ ಕಂಪ್ಯೂಟರಿಗೆ ಬಂದವನು. ಆಟೋಕ್ಯಾಡ್ ಎಂಬ ಕ್ಯಾಡ್ ತಂತ್ರಾಂಶದ ಮೆನು ಫೈಲುಗಳನ್ನು ನಮ್ಮ ಕೆಲಸಕ್ಕೆ ಒಗ್ಗುವಂತೆ ತಿದ್ದುವುದು ಹಲವು ವರ್ಷ ನನ್ನ ಪಾಲಿಗೆ ಬಂದಿತ್ತು. ಈಗ ಡಿಪ್ಲೊಮಾ ವಿದ್ಯಾರ್ಥಿಗಳಿಗೆ ಕ್ಯಾಡ್ ಕಲಿಸುತ್ತಿದ್ದೇನೆ. ಆ ಎರಡೂ ಅನುಭವಗಳಿಂದ ಉತ್ತರಿಸುತ್ತೇನೆ.

ಎಷ್ಟು ಕಮಾಂಡ್‌ಗಳನ್ನು ಮರೆಮಾಡಬೇಕು ಎಂಬುದನ್ನು ನೀವು ಮೊದಲ ಪ್ರಶ್ನೆಯಾಗಿ ಇಟ್ಟುಕೊಂಡಿದ್ದೀರಿ. ಅದು ಎರಡನೆಯದಾಗಬೇಕೆಂದು ನನ್ನ ಅಭಿಪ್ರಾಯ. ಪ್ರಯೋಗಾಲಯದಲ್ಲಿ ವಿದ್ಯಾರ್ಥಿಗಳ ಬೆನ್ನ ಹಿಂದೆ ನಿಂತು ನೋಡಿದಾಗ ನನಗೆ ಕಂಡದ್ದು ಇಷ್ಟು: ಟ್ರಿಮ್, ಅಂದರೆ ಗೆರೆಯ ಬೇಡವಾದ ತುಂಡನ್ನು ಕತ್ತರಿಸುವ ಕಮಾಂಡ್, ಎಲ್ಲಿದೆ ಎಂದು ಹುಡುಕಲು ಅವರು ಕಳೆಯುವ ಹೊತ್ತು ಕಡಿಮೆ, ಟ್ರಿಮ್ ಒತ್ತಿದ ಮೇಲೆ ಕಂಪ್ಯೂಟರು ಈಗ ತಮ್ಮಿಂದ ಏನನ್ನು ಕೇಳುತ್ತಿದೆ ಎಂದು ತಿಳಿಯದೆ ಕೈಕಟ್ಟಿ ಕೂರುವ ಹೊತ್ತು ಬಹಳ ಹೆಚ್ಚು. ಪತ್ರ ಬರೆಯುವ ತಂತ್ರಾಂಶದಲ್ಲಿ ಅಕ್ಷರವನ್ನು ದಪ್ಪ ಮಾಡುವ ಗುಂಡಿಯನ್ನು ಒತ್ತಿದರೆ ಕೆಲಸ ಅಲ್ಲಿಗೇ ಮುಗಿಯುತ್ತದೆ. ಕ್ಯಾಡ್‌ನಲ್ಲಿ ವೃತ್ತದ ಗುಂಡಿಯನ್ನು ಒತ್ತಿದರೆ ಕೆಲಸ ಆಗಷ್ಟೇ ಆರಂಭವಾಗುತ್ತದೆ: ಕೇಂದ್ರ ಎಲ್ಲಿ, ತ್ರಿಜ್ಯ ಎಷ್ಟು ಅಥವಾ ವ್ಯಾಸ ಕೊಡುತ್ತೀರಾ ಎಂದು ತಂತ್ರಾಂಶ ಒಂದೊಂದಾಗಿ ಕೇಳುತ್ತಾ ಹೋಗುತ್ತದೆ. ಆದ್ದರಿಂದ ಕ್ಯಾಡ್‌ನ ಮೆನು ಗುಂಡಿಯಲ್ಲಿ ಕೊನೆಗೊಳ್ಳುವುದಿಲ್ಲ, ಕಮಾಂಡ್ ಮುಗಿಯುವವರೆಗಿನ ಪ್ರತಿಯೊಂದು ಪ್ರಶ್ನೆಯೂ ಮೆನುವಿನ ಭಾಗವೇ ಎಂದು ಭಾವಿಸಿ ವಿನ್ಯಾಸವನ್ನು ಆರಂಭಿಸಿ.

ಟ್ರಿಮ್ ಕಮಾಂಡನ್ನೇ ನೋಡಿ. ಆಟೋಕ್ಯಾಡ್‌ನಲ್ಲಿ ಬಹಳ ಕಾಲ ಅದರ ಕ್ರಮ ಹೀಗಿತ್ತು: ಯಾವ ರೇಖೆಯವರೆಗೆ ಕತ್ತರಿಸಬೇಕೋ ಆ ಗಡಿರೇಖೆಗಳನ್ನು ಮೊದಲು ಆರಿಸಬೇಕು, ಎಂಟರ್ ಒತ್ತಬೇಕು, ಆಮೇಲೆ ಕತ್ತರಿಸಿ ತೆಗೆಯಬೇಕಾದ ತುಂಡುಗಳನ್ನು ಒಂದೊಂದಾಗಿ ಕ್ಲಿಕ್ ಮಾಡಬೇಕು. ಹೊಸ ವಿದ್ಯಾರ್ಥಿಯ ಮನಸ್ಸಿನಲ್ಲಿ ಇರುವುದು ಬೇಡವಾದ ತುಂಡು ಮಾತ್ರ. ಆದ್ದರಿಂದ ಆತ ಮೊದಲು ಅದನ್ನೇ ಕ್ಲಿಕ್ ಮಾಡುತ್ತಿದ್ದ, ಅದು ಗಡಿರೇಖೆಯಾಗಿ ಆಯ್ಕೆಗೊಳ್ಳುತ್ತಿತ್ತು, ಏನೂ ಕತ್ತರಿಸಲ್ಪಡದಿದ್ದಾಗ ಕಂಪ್ಯೂಟರು ಕೆಟ್ಟಿದೆಯೆಂದು ನನ್ನನ್ನು ಕರೆಯುತ್ತಿದ್ದ. ನಡುವಿನ ಆ ಒಂದು ಎಂಟರ್ ಅನ್ನು ವಿವರಿಸಲು ನಾನು ಎಷ್ಟು ಸಲ ಕಪ್ಪುಹಲಗೆಗೆ ಹೋಗಿದ್ದೇನೋ ಲೆಕ್ಕವಿಲ್ಲ. ಆಟೋಕ್ಯಾಡ್ 2021ರಲ್ಲಿ ಈ ಕ್ರಮವನ್ನು ಬದಲಿಸಿ, ಎಲ್ಲ ರೇಖೆಗಳನ್ನೂ ತಾನಾಗಿಯೇ ಗಡಿಯೆಂದು ಪರಿಗಣಿಸಿ, ಬೇಡವಾದ ತುಂಡನ್ನು ನೇರವಾಗಿ ಕ್ಲಿಕ್ ಮಾಡುವ ವಿಧಾನವನ್ನು ಮೊದಲ ಆಯ್ಕೆಯಾಗಿ ತಂದರು. ಹಳೆಯ ವಿಧಾನ ಬೇಕಾದವರಿಗೆ ಅದನ್ನೂ ಉಳಿಸಿಕೊಟ್ಟರು. ಮೆನುವಿನಲ್ಲಿ ಟ್ರಿಮ್‌ನ ಗುಂಡಿಯನ್ನು ಎಲ್ಲಿಗೆ ಸರಿಸಿದ್ದರೂ, ಎಷ್ಟು ದೊಡ್ಡದು ಮಾಡಿದ್ದರೂ ಇಷ್ಟು ಉಪಕಾರ ಆಗುತ್ತಿರಲಿಲ್ಲ. ನಿಮ್ಮ 80 ಕಮಾಂಡ್‌ಗಳಲ್ಲಿ ಪ್ರತಿಯೊಂದೂ ಮೊದಲು ಕೇಳುವ ಪ್ರಶ್ನೆ ಯಾವುದು, ವಿದ್ಯಾರ್ಥಿಯ ಮನಸ್ಸಿನಲ್ಲಿ ಆ ಹೊತ್ತಿಗೆ ಸಿದ್ಧವಾಗಿರುವ ಉತ್ತರ ಯಾವುದು ಎಂಬುದನ್ನು ಒಂದು ಹಾಳೆಯಲ್ಲಿ ಎದುರುಬದುರಾಗಿ ಬರೆದು ನೋಡಿ. ಎಲ್ಲಿ ಅವೆರಡೂ ಹೊಂದುವುದಿಲ್ಲವೋ ಅಲ್ಲಿ ತಿದ್ದಬೇಕಾದದ್ದು ಕಮಾಂಡಿನ ಕ್ರಮವನ್ನೇ.

ಹಳೆಯ ಒಂದು ಮೆನುವನ್ನು ಇಲ್ಲಿ ನೆನಪಿಸಿಕೊಳ್ಳಬೇಕೆನಿಸುತ್ತದೆ, ಏಕೆಂದರೆ ಅದರಿಂದ ಕಲಿಯುವುದು ಇನ್ನೂ ಇದೆ. 1982ರಲ್ಲಿ ಹೊರಬಂದ ಆಟೋಕ್ಯಾಡ್‌ನ ಆರಂಭದ ಆವೃತ್ತಿಗಳಲ್ಲಿ ಪರದೆಯ ಬಲಬದಿಗೆ ಅಕ್ಷರಗಳ ಒಂದು ಕಂಬಸಾಲು ಇರುತ್ತಿತ್ತು. ಒಂದೊಂದು ಸಾಲಿಗೆ ಎಂಟು ಅಕ್ಷರಗಳ ಮಿತಿ, ಚಿತ್ರಗಳಿಲ್ಲ, ಬಣ್ಣವಿಲ್ಲ. ಆದರೂ ಅದರಲ್ಲಿ ಎಚ್ಚರದಿಂದ ಮಾಡಿದ ಏರ್ಪಾಡುಗಳಿದ್ದವು. ಹೆಸರಿನ ಕೊನೆಗೆ ಎರಡು ಚುಕ್ಕೆಯ ಗುರುತು ಇದ್ದರೆ ಅದು ನೇರವಾಗಿ ನಡೆಯುವ ಕಮಾಂಡ್, ಇಲ್ಲದಿದ್ದರೆ ಇನ್ನೊಂದು ಪುಟವನ್ನು ತೆರೆಯುವ ಶೀರ್ಷಿಕೆ. ತುದಿಯಲ್ಲಿದ್ದ ಆಟೋಕ್ಯಾಡ್ ಎಂಬ ಪದವನ್ನು ಒತ್ತಿದರೆ, ಎಲ್ಲಿ ದಾರಿ ತಪ್ಪಿದ್ದರೂ ಮೊದಲ ಪುಟಕ್ಕೆ ಮರಳಬಹುದಿತ್ತು. ಅದರ ಕೆಳಗಿದ್ದ ನಾಲ್ಕು ನಕ್ಷತ್ರಗಳನ್ನು ಒತ್ತಿದರೆ ತುದಿ, ಮಧ್ಯ, ಕೇಂದ್ರ ಮುಂತಾದ ಬಿಂದುಗಳನ್ನು ಹಿಡಿಯುವ ಪಟ್ಟಿ ಬರುತ್ತಿತ್ತು; ಇವೆರಡೂ ಯಾವ ಪುಟದಲ್ಲಿದ್ದರೂ ಜಾಗ ಬದಲಿಸುತ್ತಿರಲಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಲೈನ್ ಎಂಬುದನ್ನು ಒತ್ತಿದ ಕೂಡಲೇ ಆ ಕಂಬಸಾಲೇ ಬದಲಾಗಿ, ಲೈನ್ ನಡೆಯುತ್ತಿರುವಾಗ ಮಾಡಬಹುದಾದ ಕೆಲಸಗಳನ್ನು, ಅಂದರೆ ಆಕೃತಿಯನ್ನು ಮುಚ್ಚುವುದು ಅಥವಾ ಕೊನೆಯ ಗೆರೆಯನ್ನು ಹಿಂದಕ್ಕೆ ಪಡೆಯುವುದು ಮುಂತಾದವನ್ನು ತೋರಿಸುತ್ತಿತ್ತು.

ಮೆನು ಫೈಲನ್ನು ತೆರೆದು ನೋಡುತ್ತಿದ್ದ ನಮ್ಮಂಥವರಿಗೆ ಇನ್ನೊಂದು ಸಂಗತಿ ಕಾಣುತ್ತಿತ್ತು. ಬಹುಮಟ್ಟಿಗೆ ಪ್ರತಿಯೊಂದು ಕಮಾಂಡಿನ ಮೊದಲಿಗೂ ಕಂಟ್ರೋಲ್-ಸಿ, ಅಂದರೆ ರದ್ದು ಎಂಬ ಸೂಚನೆ, ಎರಡು ಬಾರಿ ಬರೆದಿರುತ್ತಿತ್ತು. ಬಳಸುವವನು ಹಿಂದಿನ ಕಮಾಂಡನ್ನು ಅರ್ಧಕ್ಕೆ ಬಿಟ್ಟಿದ್ದರೂ, ಅದರೊಳಗಿನ ಇನ್ನೊಂದು ಉಪಪ್ರಶ್ನೆಯಲ್ಲಿ ಸಿಲುಕಿದ್ದರೂ, ಹೊಸದನ್ನು ಒತ್ತಿದಾಗ ಎಲ್ಲವೂ ತೊಳೆದುಹೋಗಿ ಶುದ್ಧ ಸ್ಥಿತಿಯಿಂದ ಆರಂಭವಾಗಲಿ ಎಂಬುದು ಅದರ ಉದ್ದೇಶ. ಹೊಸಬನ ಬಗ್ಗೆ ಇಷ್ಟು ಕಾಳಜಿಯಿಂದ ಬರೆದ ಎರಡು ಅಕ್ಷರಗಳನ್ನು ನಾನು ಬೇರೆ ಕಡೆ ಕಂಡದ್ದು ಅಪರೂಪ. ನಿಮ್ಮ ತಂತ್ರಾಂಶದಲ್ಲಿಯೂ ಇದನ್ನು ನಿಯಮವಾಗಿ ಇಟ್ಟುಕೊಳ್ಳಿ: ಮೆನುವಿನ ಯಾವ ಗುಂಡಿಯನ್ನು ಒತ್ತಿದರೂ ಅದು ಹಿಂದಿನ ಅಪೂರ್ಣ ಕೆಲಸವನ್ನು ಸದ್ದಿಲ್ಲದೆ ರದ್ದುಮಾಡಿ ತನ್ನ ಕೆಲಸ ಆರಂಭಿಸಬೇಕು, ‘ಮೊದಲು ಹಿಂದಿನ ಕಮಾಂಡನ್ನು ಮುಗಿಸಿ’ ಎಂಬ ಎಚ್ಚರಿಕೆ ಯಾವ ಕಾರಣಕ್ಕೂ ಬರಬಾರದು. ಪರದೆಯನ್ನು ಹಿಗ್ಗಿಸುವ, ಸರಿಸುವ ಕಮಾಂಡ್‌ಗಳಿಗೆ ಮಾತ್ರ ಇದರಿಂದ ವಿನಾಯಿತಿ, ಏಕೆಂದರೆ ಗೆರೆ ಎಳೆಯುವ ನಡುವೆಯೇ ಅವು ಬೇಕಾಗುತ್ತವೆ.

ಮೇಲಿನಿಂದ ಇಳಿಯುವ ಮೆನುಗಳು 1987ರ ಒಂಬತ್ತನೆಯ ಆವೃತ್ತಿಯಲ್ಲಿ ಬಂದವು, ರಿಬ್ಬನ್, ಅಂದರೆ ಪರದೆಯ ಮೇಲ್ಭಾಗದಲ್ಲಿ ಗುಂಪುಗುಂಪಾಗಿ ಗುಂಡಿಗಳಿರುವ ಪಟ್ಟಿ, ಆಟೋಕ್ಯಾಡ್ 2009ರಲ್ಲಿ ಬಂತು. ಇವುಗಳಿಂದ ಕಮಾಂಡನ್ನು ಹುಡುಕುವುದು ಸುಲಭವಾಯಿತು, ನಿಜ. ಆದರೆ ‘ಈಗ ಏನು ಮಾಡಬಹುದು’ ಎಂದು ಹೇಳುವ ಹೊಣೆ ಪರದೆಯ ತಳದ ಕಮಾಂಡ್ ಸಾಲಿಗೇ ಉಳಿಯಿತು. ವಿದ್ಯಾರ್ಥಿಯ ಕಣ್ಣು ಕರ್ಸರಿನ ಮೇಲಿರುತ್ತದೆ, ಪ್ರಶ್ನೆ ಮಾತ್ರ ಒಂದು ಗೇಣು ಕೆಳಗೆ ಮೂಡುತ್ತದೆ. 2006ರ ಆವೃತ್ತಿಯಲ್ಲಿ ಆ ಪ್ರಶ್ನೆಯನ್ನು ಕರ್ಸರಿನ ಪಕ್ಕಕ್ಕೇ ತಂದ ಏರ್ಪಾಡು ನನ್ನ ದೃಷ್ಟಿಯಲ್ಲಿ ರಿಬ್ಬನ್‌ಗಿಂತ ದೊಡ್ಡ ಸುಧಾರಣೆ. ನೀವೂ ಹಾಗೆಯೇ ಮಾಡಿ. ಕರ್ಸರಿನ ಪಕ್ಕದಲ್ಲಿ ಒಂದೇ ವಾಕ್ಯದ ಪ್ರಶ್ನೆ, ಅದರ ಕೆಳಗೆ ಅಳತೆಯನ್ನು ಟೈಪ್ ಮಾಡುವ ಜಾಗ, ಜೊತೆಗೆ ಮುಗಿಸು ಮತ್ತು ರದ್ದು ಎಂಬ ಎರಡು ಗುಂಡಿಗಳು ಇರಲಿ. ಕಮಾಂಡ್ ಮುಗಿಯುವುದು ಹೇಗೆ ಎಂಬುದು ಕಣ್ಣಿಗೆ ಕಾಣದಿದ್ದರೆ ವಿದ್ಯಾರ್ಥಿ ಎಸ್ಕೇಪ್ ಕೀಲಿಯನ್ನು ಗಾಬರಿಯಿಂದ ಹಲವು ಬಾರಿ ಒತ್ತುತ್ತಾನೆ. ಫ್ರೀಕ್ಯಾಡ್ ಎಂಬ ಉಚಿತ ಕ್ಯಾಡ್ ತಂತ್ರಾಂಶದಲ್ಲಿ ಹಾಗೆ ಒತ್ತಿದಾಗ ಮೊದಲ ಒತ್ತಿಗೆ ಗೆರೆಯ ಕಮಾಂಡ್ ನಿಂತರೆ, ಮುಂದಿನ ಒತ್ತಿಗೆ ಸ್ಕೆಚ್‌ನಿಂದಲೇ ಹೊರಬಿದ್ದುಬಿಡಬಹುದು. ಅದನ್ನು ತಡೆಯುವ ಆಯ್ಕೆ ಸೆಟ್ಟಿಂಗ್‌ನಲ್ಲಿದೆ, ಆದರೆ ಹೊಸಬನಿಗೆ ಆ ಆಯ್ಕೆಯಿದೆ ಎಂಬುದೇ ಗೊತ್ತಿರುವುದಿಲ್ಲ. ಒಂದು ಕೀಲಿ ಒಂದು ಹೆಜ್ಜೆ ಮಾತ್ರ ಹಿಂದಕ್ಕೆ ಹೋಗಲಿ, ಒಳಗಿನಿಂದ ಹೊರಗೆ ತಳ್ಳುವ ಕೆಲಸವನ್ನು ಬೇರೆ ಗುಂಡಿಗೆ ಬಿಡಿ.

ಇನ್ನು ಜೋಡಣೆಯ ಕ್ರಮ. ತಂತ್ರಾಂಶ ಬರೆಯುವವರು ಕಮಾಂಡ್‌ಗಳನ್ನು ತಮ್ಮ ಕೋಡಿನ ವಿಭಾಗಗಳಂತೆ ಗುಂಪು ಮಾಡುವುದು ಸಹಜ. ಫ್ರೀಕ್ಯಾಡ್‌ನಲ್ಲಿ ಪಾರ್ಟ್ ಎಂಬ ವಿಭಾಗದ ಎಕ್ಸ್‌ಟ್ರೂಡ್ ಮತ್ತು ಪಾರ್ಟ್ ಡಿಸೈನ್ ಎಂಬ ವಿಭಾಗದ ಪ್ಯಾಡ್ ಎರಡೂ ಚಪ್ಪಟೆ ಆಕೃತಿಗೆ ದಪ್ಪ ಕೊಡುತ್ತವೆ. ಒಳಗಿನ ರಚನೆಯನ್ನು ಬಲ್ಲವರಿಗೆ ಅವು ಬೇರೆಬೇರೆ, ಹೊಸಬರಿಗೆ ಒಂದೇ ಕೆಲಸಕ್ಕೆ ಎರಡು ಹೆಸರು. ನಿಮ್ಮ ವಿದ್ಯಾರ್ಥಿಗಳು ಡ್ರಾಯಿಂಗ್ ಹಾಳೆಯ ಮೇಲೆ ಕಲಿತ ಕ್ರಮವೊಂದಿದೆ: ಹಾಳೆ ಮತ್ತು ಅಳತೆಯ ಪ್ರಮಾಣವನ್ನು ಗೊತ್ತುಮಾಡುವುದು, ಮಧ್ಯರೇಖೆಗಳನ್ನು ಹಾಕುವುದು, ಆಕೃತಿ ಎಳೆಯುವುದು, ಹೆಚ್ಚಿನದನ್ನು ಅಳಿಸುವುದು, ಅಳತೆ ಬರೆಯುವುದು, ಶೀರ್ಷಿಕೆ ಪಟ್ಟಿ ತುಂಬುವುದು. ಮೆನು ಎಡದಿಂದ ಬಲಕ್ಕೆ ಇದೇ ಕ್ರಮದಲ್ಲಿ ಇರಲಿ. ಅಕಾರಾದಿಯಾಗಿ ಜೋಡಿಸಬೇಡಿ. ಹೆಸರು ಗೊತ್ತಿಲ್ಲದವನೇ ಮೆನುವಿಗೆ ಬರುವುದು. ಹೆಸರು ಗೊತ್ತಿದ್ದವನು ಟೈಪ್ ಮಾಡುತ್ತಾನೆ.

ಮರೆಮಾಡುವ ವಿಚಾರದಲ್ಲಿ ಎರಡು ಹಳೆಯ ಅನುಭವಗಳು ದಾರಿ ತೋರಿಸುತ್ತವೆ. 1984ರಲ್ಲಿ ಜಾನ್ ಕ್ಯಾರಲ್ ಮತ್ತು ಕ್ಯಾರೊಲಿನ್ ಕ್ಯಾರಿಥರ್ಸ್ ಎಂಬವರು ಒಂದು ಪತ್ರಲೇಖನ ತಂತ್ರಾಂಶದ ಕಠಿಣ ಆಯ್ಕೆಗಳನ್ನು ಹೊಸಬರಿಗಾಗಿ ತಡೆಹಿಡಿದು ಪರೀಕ್ಷಿಸಿದರು. ಆಯ್ಕೆಗಳ ಹೆಸರುಗಳು ಮೆನುವಿನಲ್ಲಿ ಇದ್ದಲ್ಲೇ ಇದ್ದವು. ಒತ್ತಿದರೆ ‘ಇದು ಈಗ ಲಭ್ಯವಿಲ್ಲ’ ಎಂಬ ಸಂದೇಶವಷ್ಟೇ ಬರುತ್ತಿತ್ತು. ಹಾಗೆ ಕಲಿತವರು ಮೊದಲ ಕೆಲಸವನ್ನು ಬೇಗ ಮುಗಿಸಿದರು, ತಪ್ಪುಗಳಿಂದ ಹೊರಬರಲು ಕಡಿಮೆ ಸಮಯ ಕಳೆದರು. ಇದಕ್ಕೆ ವಿರುದ್ಧವಾದದ್ದು ಮೈಕ್ರೋಸಾಫ್ಟ್ ಆಫೀಸ್ 2000ದಲ್ಲಿ ಬಂದ ಮೆನು: ಹೆಚ್ಚು ಬಳಸದ ಆಯ್ಕೆಗಳನ್ನು ಅದು ತಾನಾಗಿ ಒಳಸೇರಿಸುತ್ತಿತ್ತು, ನಿನ್ನೆ ಕಂಡದ್ದು ಇವತ್ತು ಅದೇ ಜಾಗದಲ್ಲಿ ಇರುತ್ತಿರಲಿಲ್ಲ. ಅಡುಗೆಮನೆಯ ಡಬ್ಬಿಗಳನ್ನು ಯಾರೋ ರಾತ್ರೋರಾತ್ರಿ ಸ್ಥಳ ಬದಲಿಸಿದರೆ ಆಗುವ ಕಿರಿಕಿರಿಯೇ ಅಲ್ಲಿಯೂ ಆಗುತ್ತಿತ್ತು. ಆದ್ದರಿಂದ ಜಾಗಗಳನ್ನು ಮೊದಲ ದಿನವೇ ಶಾಶ್ವತವಾಗಿ ಹಂಚಿಬಿಡಿ. ಮೊದಲ ಹಂತದಲ್ಲಿ ಲೈನ್, ಸರ್ಕಲ್, ಆರ್ಕ್, ಆಫ್‌ಸೆಟ್ (ಸಮಾಂತರ ಗೆರೆ), ಟ್ರಿಮ್, ಮಿರರ್, ಫಿಲೆಟ್ (ಮೂಲೆಯನ್ನು ದುಂಡಾಗಿಸುವುದು), ಅಳತೆ, ಅಕ್ಷರ ಮುಂತಾದ 20ರ ಆಸುಪಾಸಿನ ಕಮಾಂಡ್‌ಗಳು ಸಾಕೆಂದು ನನ್ನ ಅಂದಾಜು; ಉಳಿದವು ತಮ್ಮ ಜಾಗದಲ್ಲಿಯೇ ಮಂಕಾಗಿ ಕಾಣಲಿ. ಮಂಕಾದ ಗುಂಡಿಯ ಮೇಲೆ ಮೌಸ್ ನಿಲ್ಲಿಸಿದರೆ ಅದೇಕೆ ಮಂಕಾಗಿದೆ ಎಂಬುದು ಒಂದು ವಾಕ್ಯದಲ್ಲಿ ಬರಬೇಕು: ‘ಮೊದಲು ಒಂದು ಮುಚ್ಚಿದ ಆಕೃತಿಯನ್ನು ಆರಿಸಿ’ ಎಂಬಂತೆ. ಮುಂದಿನ ಹಂತ ಯಾವಾಗ ತೆರೆಯಬೇಕೆಂಬುದನ್ನು ವಿದ್ಯಾರ್ಥಿಯೋ ಮೇಷ್ಟ್ರೋ ತೀರ್ಮಾನಿಸಲಿ, ತಂತ್ರಾಂಶ ತಾನಾಗಿ ತೀರ್ಮಾನಿಸುವುದು ಬೇಡ.

ಯಾವ ಹಂತದಲ್ಲಿಯೂ ಮರೆಯಾಗಬಾರದ ಗುಂಡಿ ಒಂದಿದೆ. ಇಡೀ ಡ್ರಾಯಿಂಗನ್ನು ಪರದೆಗೆ ಹೊಂದಿಸಿ ತೋರಿಸುವ ಗುಂಡಿ ಅದು. ಮೌಸಿನ ಚಕ್ರ ಅರಿವಿಲ್ಲದೆ ತಿರುಗಿ ಪರದೆ ಖಾಲಿಯಾದಾಗ, ಒಂದು ಗಂಟೆ ಮಾಡಿದ ಕೆಲಸ ಅಳಿಸಿಹೋಯಿತೆಂದು ಕಣ್ಣಲ್ಲಿ ನೀರು ತಂದುಕೊಂಡ ಹುಡುಗಿಯನ್ನು ನಾನು ನೋಡಿದ್ದೇನೆ. ಹಿಂದಕ್ಕೆ ಪಡೆಯುವ ಅನ್‌ಡೂ ಪಕ್ಕದಲ್ಲಿಯೇ ಅದಕ್ಕೂ ದೊಡ್ಡ ಜಾಗ ಕೊಡಿ, ಹೆಸರನ್ನು ಅಕ್ಷರದಲ್ಲಿಯೇ ಬರೆಯಿರಿ. ಬರಿಯ ಚಿತ್ರ ಸಾಲದು.

ಕನ್ನಡದ ಪ್ರಶ್ನೆಗೆ ನನ್ನ ಉತ್ತರ ಅರ್ಧ ಹೌದು. ಕಮಾಂಡಿನ ಹೆಸರುಗಳನ್ನು ಅನುವಾದಿಸಬೇಡಿ. ಟ್ರಿಮ್, ಆಫ್‌ಸೆಟ್, ಫಿಲೆಟ್, ಚೇಂಫರ್ (ಮೂಲೆಯನ್ನು ಓರೆಯಾಗಿ ಕತ್ತರಿಸುವುದು) ಎಂಬವು ಕಾರ್ಖಾನೆಯ ಮಾತುಗಳು. ನಾಳೆ ಕೆಲಸಕ್ಕೆ ಸೇರುವ ಹುಡುಗನಿಗೆ ಅವೇ ಕಿವಿಗೆ ಬೀಳುತ್ತವೆ, ಬೇಕಿದ್ದರೆ ಅವುಗಳನ್ನು ಕನ್ನಡ ಲಿಪಿಯಲ್ಲಿ ಬರೆಯಿರಿ. ಆದರೆ ಕಮಾಂಡ್ ಕೇಳುವ ಪ್ರಶ್ನೆಗಳು ಮತ್ತು ಬಿಂದು ಹಿಡಿಯುವ ಪಟ್ಟಿ ಕನ್ನಡದಲ್ಲಿಯೇ ಇರಲಿ. ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಮುಗಿಸಿದ ವಿದ್ಯಾರ್ಥಿಗೆ ತ್ರಿಜ್ಯ, ವ್ಯಾಸ, ಸ್ಪರ್ಶಕ, ಲಂಬ, ಸಮಾಂತರ, ಮಧ್ಯಬಿಂದು ಎಲ್ಲವೂ ರೇಖಾಗಣಿತದಲ್ಲಿ ಪರಿಚಿತ. ಇಂಗ್ಲಿಷಿನಲ್ಲಿ ಟ್ಯಾಂಜೆಂಟ್ ಎಂದು ಕಂಡರೆ ತಡವರಿಸುವ ಹುಡುಗ, ‘ಸ್ಪರ್ಶಕ ಮುಟ್ಟುವ ವೃತ್ತವನ್ನು ಆರಿಸಿ’ ಎಂದರೆ ಕೂಡಲೇ ಆರಿಸುತ್ತಾನೆ. ಆತನಿಗೆ ಗೊತ್ತಿರುವ ಗಣಿತ ಆ ಕ್ಷಣಕ್ಕೆ ಕೆಲಸಕ್ಕೆ ಬರುತ್ತದೆ.

ಇದರಲ್ಲಿ ಎರಡು ತಾಂತ್ರಿಕ ತೊಡಕುಗಳಿವೆ. ಇಂಗ್ಲಿಷ್ ಅಕ್ಷರಕ್ಕೆ ಅಳೆದ ಗುಂಡಿಯ ಎತ್ತರದಲ್ಲಿ ವೃತ್ತ, ಕೇಂದ್ರ ಮುಂತಾದ ಪದಗಳ ಒತ್ತಕ್ಷರಗಳು ಕೆಳಗೆ ಕತ್ತರಿಸಿಹೋಗುತ್ತವೆ. ಸಾಲಿನ ಎತ್ತರವನ್ನು ನಿಗದಿಪಡಿಸದೆ ಅಕ್ಷರವನ್ನು ಅಳೆದು ಲೆಕ್ಕ ಹಾಕಿ. ಎರಡನೆಯದು ಕೀಲಿಮಣೆ: ಅದು ಕನ್ನಡದ ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿದ್ದಾಗ ಎಲ್ ಕೀಲಿಯನ್ನು ಒತ್ತಿದರೆ ‘ತ’ ಬರುತ್ತದೆ, ಲೈನ್ ಆರಂಭವಾಗುವುದಿಲ್ಲ. ಶಾರ್ಟ್‌ಕಟ್‌ಗಳನ್ನು ಮೂಡಿದ ಅಕ್ಷರದಿಂದ ಗುರುತಿಸದೆ ಒತ್ತಿದ ಕೀಲಿಯಿಂದ ಗುರುತಿಸಿ.

ಇಷ್ಟನ್ನು ಮಾಡಿದ ಮೇಲೆ, ಕ್ಯಾಡ್ ಎಂದೂ ಮುಟ್ಟದ ನಾಲ್ಕೈದು ವಿದ್ಯಾರ್ಥಿಗಳನ್ನು ಒಬ್ಬೊಬ್ಬರಾಗಿ ಕೂರಿಸಿ, 100 ಮಿಲಿಮೀಟರ್ ಉದ್ದ, 60 ಮಿಲಿಮೀಟರ್ ಅಗಲದ ತಗಡಿನ ನಡುವೆ 20 ಮಿಲಿಮೀಟರ್ ವ್ಯಾಸದ ರಂಧ್ರವಿರುವ ಚಿತ್ರವನ್ನು ಅಳತೆಸಹಿತ ಬರೆಯಲು ಹೇಳಿ. ನೀವು ಬಾಯಿ ಬಿಡಬೇಡಿ. ಅದು ಬಹಳ ಕಷ್ಟ, ಆದರೂ ಬಿಡಬೇಡಿ. ಮೌಸ್ ಎಲ್ಲಿ ನಿಂತಿತು, ಆಗ ಪರದೆಯ ಮೇಲಿದ್ದ ಪ್ರಶ್ನೆ ಯಾವುದು ಎಂಬ ಎರಡನ್ನು ಮಾತ್ರ ಬರೆದುಕೊಳ್ಳಿ. ನಿಮ್ಮ ಪಟ್ಟಿಯಲ್ಲಿ ಒಂದೇ ಪ್ರಶ್ನೆ ಇಬ್ಬರ ಹೆಸರಿನ ಮುಂದೆ ಬಂದಿದ್ದರೆ, ಮೊದಲು ಆ ವಾಕ್ಯವನ್ನು ಬದಲಿಸಿ ನೋಡಿ, ಅದರಿಂದಾಗದಿದ್ದರೆ ಆ ಕಮಾಂಡಿನ ಕ್ರಮವನ್ನು ಬದಲಿಸಿ. ಗುಂಡಿಯ ಜಾಗಕ್ಕೆ ಕೈಹಾಕುವುದು ಅದಾದ ಮೇಲೆ.