ಕರಾವಳಿಯ ಆರೈಕೆ ಕೇಂದ್ರ, ಸರಸ್ವತಿಪುರಂನ ಸ್ವಂತ ಮನೆ: ಒಂದು ಆಪ್ತಸಲಹೆ ಪ್ರಕರಣ

ಮೈಸೂರಿನ ಸರಸ್ವತಿಪುರಂನಲ್ಲಿ ಒಂಟಿಯಾಗಿದ್ದ 78 ವರ್ಷದ ನಿವೃತ್ತ ಮುಖ್ಯೋಪಾಧ್ಯಾಯಿನಿಯೊಬ್ಬರು ಮಗಳು ಮತ್ತು ಮಗನೊಂದಿಗೆ ಸಲಹೆಗೆ ಬಂದಿದ್ದರು. (ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನೂ ಮೊತ್ತಗಳನ್ನೂ ಅಲ್ಪಸ್ವಲ್ಪ ಬದಲಿಸಿ ಬರೆದಿದ್ದೇನೆ.) ಬಚ್ಚಲುಮನೆಯಲ್ಲಿ ಜಾರಿ ಬಿದ್ದು, ಸೊಂಟದ ಮೂಳೆ ಮುರಿದು ಶಸ್ತ್ರಚಿಕಿತ್ಸೆಯಾದ ಮೇಲೆ ವಾಕರ್ ಇಲ್ಲದೆ ನಡೆಯಲು ಅವರಿಗೆ ಆಗುತ್ತಿರಲಿಲ್ಲ. ಮಗಳು ನೆಲೆಸಿರುವ ಕರಾವಳಿಯ ಊರಿನಲ್ಲಿ ಹಿರಿಯರ ಆರೈಕೆ ಕೇಂದ್ರವೊಂದಿದ್ದು, ತಾಯಿ ಅಲ್ಲಿಗೆ ಬಂದರೆ ದಿನ ಬಿಟ್ಟು ದಿನ ಹೋಗಿ ನೋಡಬಹುದೆಂಬುದು ಅವರ ವಾದ. ಬೆಂಗಳೂರಿನಲ್ಲಿರುವ ಮಗ, “ಅಮ್ಮನನ್ನು ಆಶ್ರಮಕ್ಕೆ ಸೇರಿಸಿದರು ಅಂತ ನೆಂಟರಿಷ್ಟರು ಆಡಿಕೊಳ್ಳುತ್ತಾರೆ ಅಕ್ಕ” ಎಂದು ತಕರಾರು ತೆಗೆದರು. ಆದರೂ ಹೋಗುವುದೇ ಖಚಿತವಾದರೆ ಮನೆಯನ್ನು ತಮ್ಮ ಹೆಸರಿಗೆ ದಾನಪತ್ರ ಮಾಡಿಕೊಡಲಿ, ಖರ್ಚನ್ನೆಲ್ಲ ತಾವೇ ಹೊರುತ್ತೇವೆ ಎಂದೂ ಹೇಳಿದರು.

ಮೊದಲ ಭೇಟಿಯ ಬಹುಪಾಲು ಹೊತ್ತು, ತಾಯಿಯ ಮೇಲೆ ಯಾರಿಗೆ ಹೆಚ್ಚು ಪ್ರೀತಿ ಎಂಬ ಜಗಳದಲ್ಲೇ ಕಳೆಯಿತು. ಇಂಥ ಜಗಳವನ್ನು ಭಾವನೆಯ ಮಾತಿನಿಂದಲೇ ಬಿಡಿಸಲು ಹೊರಟರೆ ಅದು ಇನ್ನಷ್ಟು ಸಿಕ್ಕಾಗುವುದೇ ಹೆಚ್ಚು ಎಂಬುದು ನನ್ನ ಅಭಿಪ್ರಾಯ. ಆದ್ದರಿಂದ ಮುಂದಿನ ಭೇಟಿಗೆ ಕೇಂದ್ರದ ದರಪಟ್ಟಿಯನ್ನೂ ತಮ್ಮ ಪಾಸ್‌ಬುಕ್ಕನ್ನೂ ತಂದು ತಾಯಿಯೇ, ಅಂದರೆ ಮೇಡಂ ಅವರೇ, ಲೆಕ್ಕ ಬರೆಯಬೇಕೆಂದು ಕೇಳಿಕೊಂಡೆ. ಅವರು ಉದ್ದನೆಯ ನೋಟ್‌ಬುಕ್ಕಿನಲ್ಲಿ ಸ್ಕೇಲು ಹಿಡಿದು ಕೆಂಪು ಗೆರೆ ಎಳೆದು, ಎಡಕ್ಕೆ ಜಮಾ, ಬಲಕ್ಕೆ ಖರ್ಚು ಎಂದು ಬರೆದು ತಂದರು.

ಪಿಂಚಣಿ 34,000 ರೂಪಾಯಿ. ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿಟ್ಟ 15 ಲಕ್ಷಕ್ಕೆ ಶೇ 8.2ರ ದರದಲ್ಲಿ ಮೂರು ತಿಂಗಳಿಗೊಮ್ಮೆ 30,750, ಅಂದರೆ ತಿಂಗಳಿಗೆ 10,250. ಒಟ್ಟು 44,250. ಕೇಂದ್ರದ ಶುಲ್ಕ 38,000 ಎಂದು ಕೇಳಿ ಮಗಳು ನೆಮ್ಮದಿಯಾಗಿದ್ದರು. ಆದರೆ ದರಪಟ್ಟಿಯ ಕೆಳಗೆ ಸಣ್ಣ ಅಕ್ಷರದಲ್ಲಿ ‘ತೆರಿಗೆ ಪ್ರತ್ಯೇಕ’ ಎಂದಿತ್ತು. ನೋಂದಾಯಿತ ಧರ್ಮಾರ್ಥ ಸಂಸ್ಥೆಗಳು ನಡೆಸುವ ವೃದ್ಧಾಶ್ರಮಗಳಲ್ಲಿ ಊಟ, ವಸತಿ, ನಿರ್ವಹಣೆ ಸೇರಿ ತಿಂಗಳಿಗೆ 25,000 ರೂಪಾಯಿವರೆಗಿನ ಶುಲ್ಕಕ್ಕೆ ಜಿಎಸ್‌ಟಿ ಇಲ್ಲ. ಇದು ಖಾಸಗಿ ಕೇಂದ್ರವಾದ್ದರಿಂದ ಶೇ 18 ಸೇರಿಸುತ್ತಿತ್ತು. ಹಾಗಾಗಿ ನಿಜವಾದ ಶುಲ್ಕ 44,840. ಔಷಧಿ, ಫಿಸಿಯೋಥೆರಪಿ, ಡಯಾಪರ್‌ಗೆಂದು ಇನ್ನೊಂದು 9,000. ಮುಂದೆ ಹಾಸಿಗೆ ಹಿಡಿದರೆ ‘ಪೂರ್ಣ ಅವಲಂಬಿತರ’ ದರ 52,000; ತೆರಿಗೆ ಸೇರಿದರೆ 61,360. ಒಟ್ಟು ಬರೆದು ಮುಗಿಸುವ ಹೊತ್ತಿಗೆ ಮಗ ಮಗಳಿಬ್ಬರೂ ಸುಮ್ಮನಾಗಿದ್ದರು.

ಮನೆಯ ಪ್ರಶ್ನೆಗೆ ಉತ್ತರ ಇಲ್ಲಿಂದಲೇ ಸಿಕ್ಕಿತು. ಮನೆಗೆ 18,000 ಬಾಡಿಗೆ ಬರುವುದಾದರೆ ಆದಾಯ 62,250 ಆಗಿ, ಸದ್ಯದ 53,840ರ ಖರ್ಚು ಕಳೆದು 8,410 ಮಿಗುತ್ತದೆ. ಹಾಸಿಗೆ ಹಿಡಿದ ಸ್ಥಿತಿಯಲ್ಲಿ ಮಾತ್ರ, ಔಷಧಿ ಮೊದಲಾದವುಗಳ 9,000 ಸೇರಿ ಖರ್ಚು 70,360 ಆಗುವುದರಿಂದ, ತಿಂಗಳಿಗೆ 8,110 ಕಡಿಮೆ ಬೀಳುತ್ತದೆ. ಅದನ್ನು ಮಕ್ಕಳಿಬ್ಬರೂ ಹಂಚಿಕೊಳ್ಳಬಹುದು. ಆದ್ದರಿಂದ ಮನೆ ತಾಯಿಯ ಹೆಸರಿನಲ್ಲೇ ಇರಲಿ, ಯಾರಿಗೆ ಸೇರಬೇಕೆಂಬುದನ್ನು ಉಯಿಲಿನಲ್ಲಿ ಬರೆಯಲಿ ಎಂದು ಸಲಹೆ ಕೊಟ್ಟೆ. ದಾನಪತ್ರವೇ ಬೇಕೆಂದು ಮುಂದೆಂದಾದರೂ ತೀರ್ಮಾನಿಸಿದರೆ, ಆರೈಕೆಯ ಹೊಣೆಯನ್ನು ಷರತ್ತಾಗಿ ಪತ್ರದಲ್ಲೇ ನಮೂದಿಸಬೇಕು. ಆಗ ಮಾತು ತಪ್ಪಿದಲ್ಲಿ 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆಯ 23ನೇ ಕಲಮಿನಡಿ ಆ ವರ್ಗಾವಣೆಯನ್ನು ರದ್ದುಪಡಿಸಲು ಉಪವಿಭಾಗಾಧಿಕಾರಿಯ ಅಧ್ಯಕ್ಷತೆಯ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು. ಅದೇ ಕಾಯ್ದೆಯಡಿ ಕೊಡಿಸಬಹುದಾದ ಜೀವನಾಂಶದ ಮಿತಿ ತಿಂಗಳಿಗೆ 10,000 ರೂಪಾಯಿ ಮಾತ್ರ ಎಂಬುದನ್ನು ಮಗನ ಎದುರೇ ಹೇಳಿದೆ. ಮನೆ ಕೊಟ್ಟ ಮೇಲೆ ಆ ಮೊತ್ತ ಯಾವ ಮೂಲೆಗೂ ಸಾಲುವುದಿಲ್ಲ.

ರಿವರ್ಸ್ ಮಾರ್ಟ್‌ಗೇಜ್, ಅಂದರೆ ಮನೆಯನ್ನು ಅಡವಿಟ್ಟು ಬ್ಯಾಂಕಿನಿಂದ ಕಂತು ಕಂತಾಗಿ ಹಣ ಪಡೆಯುವ ಸಾಲದ ವಿಚಾರವನ್ನು ಮಗಳು ಎತ್ತಿದರು. 2007ರಿಂದ ಇರುವ ಈ ಸಾಲ ಸ್ವಂತ ಮನೆಯಲ್ಲೇ ವಾಸಿಸುವ ಹಿರಿಯರಿಗೆ ಮೀಸಲು. ಸತತವಾಗಿ ಒಂದು ವರ್ಷ ಆ ಮನೆಯಲ್ಲಿ ವಾಸವಿಲ್ಲದಿದ್ದರೆ ಬ್ಯಾಂಕು ಸಾಲ ತೀರಿಸಿ ಎನ್ನಬಹುದು. ಆರೈಕೆ ಕೇಂದ್ರಕ್ಕೆ ಹೋಗುವವರಿಗೆ ಅದು ಹೊಂದುವುದಿಲ್ಲ. ಮನೆಯಲ್ಲೇ ಹೋಂ ನರ್ಸ್ ಇಟ್ಟುಕೊಳ್ಳುವುದು ಅಗ್ಗವೆಂಬ ಮಗನ ಮಾತು ಸುಳ್ಳಲ್ಲ, ಏಜೆನ್ಸಿ ಕೇಳಿದ್ದು 26,000 ಮತ್ತು ಊಟ. ಆದರೆ ನರ್ಸ್ ರಜೆ ಹಾಕಿದ ದಿನ ಯಾರು ಎಂದು ಕೇಳಿದಾಗ ಅವರ ಬಳಿ ಉತ್ತರವಿರಲಿಲ್ಲ.

ಮೇಡಂ ಅವರಿಗೆ ಹೇಳಿದ ಮುಖ್ಯ ಮಾತು, ಠೇವಣಿ ಕಟ್ಟುವ ಮೊದಲು ಒಂದು ತಿಂಗಳು ಅಲ್ಲಿದ್ದು ನೋಡಿ, ಅದೂ ಮಳೆಗಾಲದಲ್ಲಿ ಎಂಬುದು. ಡಿಸೆಂಬರಿನಲ್ಲಿ ಕಡಲ ತೀರದ ಊರು ಯಾರಿಗಾದರೂ ಹಿಡಿಸುತ್ತದೆ. ಆಷಾಢದಲ್ಲಿ ಬಟ್ಟೆ ಒಣಗದೆ, ಗೋಡೆ ತೇವ ಹಿಡಿದು, ಸಂಪಾಜೆ ಘಾಟಿ ದಾಟಿ ಮೈಸೂರಿನವರು ಯಾರೂ ಬರಲಾಗದೆ ಇರುವಾಗ ಹೇಗಿರುತ್ತದೆ ಎಂಬುದೇ ಮುಖ್ಯ. ಮೂರು ಹೊತ್ತೂ ಕುಚ್ಚಲಕ್ಕಿಯೇ ಆದರೆ ಬೆಳ್ತಿಗೆ ಅನ್ನದ ನಾಲಿಗೆಗೆ ಅದೂ ಸಣ್ಣ ವಿಷಯವಲ್ಲ. ಒಪ್ಪಂದದಲ್ಲಿ ಠೇವಣಿ ಎಷ್ಟು ದಿನದೊಳಗೆ ಮರಳುತ್ತದೆ, ಆಸ್ಪತ್ರೆಗೆ ಸೇರಿದ ದಿನಗಳಿಗೂ ಶುಲ್ಕ ಕಟ್ಟಬೇಕೇ, ರಾತ್ರಿ ಪಾಳಿಯಲ್ಲಿ ನರ್ಸ್ ಇರುತ್ತಾರೆಯೇ, ‘ಪೂರ್ಣ ಅವಲಂಬಿತ’ ಎಂದು ತೀರ್ಮಾನಿಸುವವರು ಯಾರು, ವರ್ಷಕ್ಕೆ ಏರಿಕೆ ಎಷ್ಟು ಎಂದು ಕೇಳಲು ತಿಳಿಸಿದೆ. ಶೇ 8ರಂತೆ ಏರಿದರೂ ಐದು ವರ್ಷದಲ್ಲಿ 38,000 ಎಂಬುದು ಸುಮಾರು 55,800 ಆಗುತ್ತದೆ. ಉಳಿತಾಯದ ಬಡ್ಡಿ ಹಾಗೆ ಏರುವುದಿಲ್ಲ.

ಪಿಂಚಣಿ ಬ್ಯಾಂಕಿಗೆ ಬರುವುದರಿಂದ ಊರು ಬದಲಾದರೆ ತೊಂದರೆಯಿಲ್ಲ. 70 ದಾಟಿದವರಿಂದ ಮನೆಬಾಗಿಲಲ್ಲೇ ಜೀವಿತ ಪ್ರಮಾಣಪತ್ರ ಪಡೆಯುವಂತೆ ರಿಸರ್ವ್ ಬ್ಯಾಂಕ್ 2017ರಲ್ಲೇ ಬ್ಯಾಂಕುಗಳಿಗೆ ಸೂಚಿಸಿದೆ. ಕೇಂದ್ರದಲ್ಲಿ ಕಿರುಕುಳವಾದರೆ ಹಿರಿಯ ನಾಗರಿಕರ ಸಹಾಯವಾಣಿ 14567ಕ್ಕೆ ತಾವೇ ಕರೆ ಮಾಡಬಹುದೆಂದು ಹೇಳಿ, ಆ ಸಂಖ್ಯೆಯನ್ನು ಅವರ ಫೋನಿನಲ್ಲಿ ಉಳಿಸಿಕೊಟ್ಟೆ. ಅಷ್ಟರಲ್ಲಿ ಅವರು ಕೇಳಿದ್ದು ತಮ್ಮ ಬಗ್ಗೆ ಅಲ್ಲ, ಮನೆಗೆಲಸದ 67 ವರ್ಷದ ಹೆಂಗಸಿನ ಬಗ್ಗೆ: “ನಾನು ಹೊರಟರೆ ಅವಳ ಗತಿ?” ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ ತಿಂಗಳಿಗೆ 1,200 ರೂಪಾಯಿ ಬರುತ್ತದೆ, ನಾಡಕಚೇರಿಯಲ್ಲಿ ಅರ್ಜಿ ಕೊಡಿಸಿ ಎಂದೆ.

ಜುಲೈ ತಿಂಗಳು ಅಲ್ಲಿದ್ದು ನೋಡಿ ಅವರು ಸೇರಲು ಒಪ್ಪಿದರು. ಆಸ್ಪತ್ರೆಯಲ್ಲಿರುವ ದಿನಗಳ ಶುಲ್ಕ ಬಿಡಲು ಕೇಂದ್ರ ಒಪ್ಪಲಿಲ್ಲ; ಠೇವಣಿಯನ್ನು 30 ದಿನದೊಳಗೆ ಮರಳಿಸುವ ಷರತ್ತನ್ನು ಮಾತ್ರ ಬರೆದುಕೊಟ್ಟಿತು. ಮನೆ ಅವರ ಹೆಸರಿನಲ್ಲೇ ಇದ್ದು, 11 ತಿಂಗಳ ಕರಾರಿಗೆ ಬಾಡಿಗೆಗೆ ಹೋಗಿದೆ. ಬಾಡಿಗೆ ನೇರವಾಗಿ ಅವರ ಖಾತೆಗೇ ಜಮಾ ಆಗುತ್ತಿದೆ.